ಕಾಯಿಲೆಯಿಲ್ಲದವರಿಗೆ ಮಾತ್ರ

ಬಹಳ ಹಿಂದೆ, ಅಂದರೆ ಇಂದಿನ ಯಾರಿಗೂ ಮುಜುಗರವಾಗದಷ್ಟು ಹಿಂದೆ, ಯಶೋವತಿ ಎಂಬ ರಾಜ್ಯವೊಂದಿತ್ತು. ಅಲ್ಲಿ ಯಾವ ಕೆಲಸವೂ ಸೋತದ್ದೇ ಇಲ್ಲ. ಹೊಸ ಸೇತುವೆ ಉದ್ಘಾಟನೆಯ ಮರುವಾರವೇ ನದಿಗೆ ಬಿದ್ದಾಗ ಅದಕ್ಕೆ ಸ್ನಾನಘಟ್ಟವೆಂದು ಹೆಸರಿಟ್ಟು ಮತ್ತೊಮ್ಮೆ ಉದ್ಘಾಟಿಸಲಾಯಿತು. ಅಂಥ ರಾಜ್ಯದ ಸಿಂಹಾಸನದ ಮೇಲೆ ಶ್ರೀಮನ್ಮಹಾರಾಜ ಯಶೋಧ್ವಜರು ವಿರಾಜಮಾನರಾಗಿದ್ದರು. ಅವರ ಪಕ್ಕದಲ್ಲಿ, ಕಿವಿಗೆ ಹತ್ತಿರವಾಗಿ, ಆರೋಗ್ಯಾಮಾತ್ಯ ಸ್ತುತಿಸಾರರು.

ಇವರ ಆಜ್ಞೆಗಳನ್ನೆಲ್ಲ ಊರ ಚೌಕದಲ್ಲಿ ಸಾರುತ್ತಿದ್ದವನು ಡಂಗುರದ ಕಾಳಿಂಗಯ್ಯ. ತಮಟೆ ಬಡಿದು ಅವನು ಬಾಯಿ ತೆರೆದರೆ ಹೊಳೆಯಾಚೆ ಬಟ್ಟೆ ಒಗೆಯುವವರಿಗೂ ಹೊಸ ತೆರಿಗೆಯ ಸುದ್ದಿ ಮುಟ್ಟುತ್ತಿತ್ತು. ಅಂಥವನಿಗೆ ಒಂದು ಚಳಿಗಾಲ ಹಿಡಿದ ಕೆಮ್ಮು ಬೇಸಿಗೆ ಬಂದರೂ ಬಿಡಲಿಲ್ಲ. ಕಫದಲ್ಲಿ ರಕ್ತ ಕಂಡ ದಿನ ಹೆಂಡತಿ ಈರಮ್ಮ ಅವನನ್ನು ದರದರ ಎಳೆದುಕೊಂಡು ಆಸ್ಪತ್ರೆಗೆ ಹೋದಳು. ಶ್ವಾಸಕೋಶದ ಕ್ಯಾನ್ಸರು, ಬೆನ್ನಿನ ಮೂಳೆಗೂ ಹಬ್ಬಿದೆ ಎಂದರು. ಕೆಲಕಾಲ ಕಾಯಿಲೆ ಔಷಧಿಯ ಮಾತು ಕೇಳಿತು. ಆಮೇಲೆ ಕೇಳುವುದನ್ನು ಬಿಟ್ಟಿತು.

ಆ ಆಸ್ಪತ್ರೆಯಲ್ಲಿ ಶಾಲ್ಮಲಿ ಎಂಬ ವೈದ್ಯೆಯಿದ್ದಳು. ವರ್ಷಗಟ್ಟಲೆ ಕೂತು ಇದೇ ಕಾಯಿಲೆಗೆ ಹೊಸ ಔಷಧಿಯೊಂದನ್ನು ಸಿದ್ಧಪಡಿಸಿದ್ದಳು. ಇಲಿಗಳ ಮೇಲಿನ ಪರೀಕ್ಷೆ ಮುಗಿದಿತ್ತು. ಇನ್ನು ಮನುಷ್ಯರ ಮೇಲೆ ಪ್ರಯೋಗವಾಗಬೇಕಿತ್ತು.

"ಕಾಳಿಂಗಯ್ಯನವರೇ, ಸುಳ್ಳು ಹೇಳೋದಿಲ್ಲ," ಎಂದಳು. "ಇದು ನಾಟುತ್ತೋ ಇಲ್ಲವೋ ನನಗೂ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಪ್ರಯೋಗ ಯಾಕೆ ಬೇಕಿತ್ತು? ಆದರೆ ಇದಕ್ಕೆ ಸೇರಲು ಬೇಕಾದ್ದೆಲ್ಲ ನಿಮ್ಮಲ್ಲಿದೆ. ರೋಗ ಹಬ್ಬಿದೆ, ಹಳೆಯ ಔಷಧಿ ಸೋತಿದೆ, ಲಿವರು ಕಿಡ್ನಿ ಇನ್ನೂ ಗಟ್ಟಿಯಾಗಿವೆ, ನಿಮ್ಮ ಕೆಲಸ ನೀವೇ ಮಾಡಿಕೊಳ್ತೀರಿ."

"ಇಷ್ಟು ದಿನಕ್ಕೆ ಒಂದು ಕೆಲಸಕ್ಕೆ ಲಾಯಕ್ಕಾದೆನಲ್ಲ, ತಾಯಿ," ಎಂದು ಕಾಳಿಂಗಯ್ಯ ನಕ್ಕ. ನಗು ಕೆಮ್ಮಾಯಿತು. ಆದರೂ ಮನೆಗೆ ಹೋಗುವ ದಾರಿಯಲ್ಲಿ ಅವನು ಈರಮ್ಮನಿಗೆ ಹೂ ಕೊಡಿಸಿದ. ಅವಳು "ಈಗ್ಯಾಕೆ ಇದೆಲ್ಲ?" ಎನ್ನುತ್ತಲೇ ಮುಡಿದುಕೊಂಡಳು.

ಅತ್ತ ಪ್ರಯೋಗದ ಸುದ್ದಿ ಆಸ್ಥಾನಕ್ಕೆ ತಲುಪಿತು. ಮಹಾರಾಜರು ಶಾಲ್ಮಲಿಯನ್ನು ಕರೆಸಿದರು.

"ಎಷ್ಟು ಜನ ಗುಣವಾಗುತ್ತಾರೆ?"

"ಹೇಳಲಾಗದು, ಪ್ರಭು. ಕೆಲವರು ಇನ್ನಷ್ಟು ಕಾಲ ಬದುಕಬಹುದು."

"ಬಹುದು?" ಮಹಾರಾಜರು ಆ ಪದವನ್ನು ತಟ್ಟೆಯಲ್ಲಿ ಕಂಡ ಹುಳುವಿನಂತೆ ನೋಡಿದರು. "ಉಳಿದವರು?"

"ಸಾಯಬಹುದು. ಇದು ಕಡೆಯ ಹಂತದ ಕಾಯಿಲೆ."

ಸಭೆ ನಡುಗಿತು. ರಾಜಮುದ್ರೆಯ ಪ್ರಯೋಗದಲ್ಲಿ ಪ್ರಜೆ ಸಾಯುವುದೇ! ಆಗ ಸ್ತುತಿಸಾರರು ಎದ್ದು ಉತ್ತರೀಯ ಸರಿಪಡಿಸಿಕೊಂಡರು.

"ಪ್ರಭು, ತಮ್ಮ ಕೀರ್ತಿಚಂದ್ರನಿಗೆ ಗ್ರಹಣ ಹಿಡಿಯಲು ಈ ದಾಸನು ಬಿಡುವನೇ? ದೋಷ ಔಷಧಿಯಲ್ಲಿಲ್ಲ, ಆಯ್ಕೆಯಲ್ಲಿದೆ. ವೈದ್ಯರು ರೋಗಿಗಳನ್ನೇ ಆರಿಸಿದ್ದಾರೆ. ರೋಗಿಗಳ ಟ್ರ್ಯಾಕ್ ರೆಕಾರ್ಡ್ ಮೊದಲಿನಿಂದಲೂ ಚೆನ್ನಾಗಿಲ್ಲ. ನೂರಕ್ಕೆ ನೂರು ಫಲಿತಾಂಶ ಬೇಕಿದ್ದರೆ ಆರೋಗ್ಯವಂತರನ್ನು ಸೇರಿಸಬೇಕು."

"ಆರೋಗ್ಯವಂತರಿಗೆ ಔಷಧಿ ಏನು ಮಾಡಬೇಕು?" ಎಂದಳು ಶಾಲ್ಮಲಿ.

"ಏನೂ ಮಾಡದಿದ್ದರೆ ಸಾಕು," ಎಂದರು ಸ್ತುತಿಸಾರರು.

ಮಹಾರಾಜರು ಕಣ್ಣೊರೆಸಿಕೊಂಡರು. ಇಂಥ ದೂರದೃಷ್ಟಿಯನ್ನು ಅವರು ಕನ್ನಡಿಯಲ್ಲಿ ಮಾತ್ರ ಕಂಡಿದ್ದರು. ಆಜ್ಞೆ ಹೊರಟಿತು. ಔಷಧಿಯನ್ನು ತಾನು ಕೊಡುವುದಿಲ್ಲವೆಂದ ಶಾಲ್ಮಲಿಯನ್ನು ಅಂದೇ ಸಂಜೆ ಗಜಶಾಲೆಗೆ ವರ್ಗ ಮಾಡಿ, ಔಷಧಿಯ ಪೆಟ್ಟಿಗೆಗಳನ್ನು ಅರಮನೆಗೆ ಸಾಗಿಸಿದರು.

ಆಜ್ಞೆಯನ್ನು ಸಾರಬೇಕಾದವನು, ಮತ್ಯಾರು, ಕಾಳಿಂಗಯ್ಯನೇ. ಚೌಕದಲ್ಲಿ ಜನ ಕಿಕ್ಕಿರಿದಿದ್ದರು. ಹಲವರ ಮನೆಯಲ್ಲಿ ಇದೇ ಕಾಯಿಲೆಯಿತ್ತು. ಅವನು ತಮಟೆ ಬಡಿದು ಶುರು ಮಾಡಿದ.

"ಕೇಳ್ರಪ್ಪೋ ಕೇಳಿ! ಶ್ವಾಸಕೋಶದ ಕ್ಯಾನ್ಸರಿನ ಪ್ರಯೋಗಕ್ಕೆ ಸೇರುವವರು ಕೆಮ್ಮಬಾರದು. ತೂಕ ಇಳಿದಿರಬಾರದು. ಕೋಟೆಯ ಮೆಟ್ಟಿಲನ್ನು ಓಡುತ್ತಾ ಹತ್ತಬೇಕು. ಮುಖ್ಯವಾಗಿ..." ಇಲ್ಲಿ ಅವನಿಗೆ ಕೆಮ್ಮು ಬಂತು. ಜನ ಕಾದರು. ಕೆಮ್ಮು ನಿಂತ ಮೇಲೆ ಅವನು ಆಜ್ಞೆಯ ಓಲೆಯನ್ನು ಇನ್ನೊಮ್ಮೆ ನೋಡಿಕೊಂಡ. "ಮುಖ್ಯವಾಗಿ, ಸದರಿ ಕಾಯಿಲೆ ಇರಬಾರದು."

ಯಾರೋ ನಕ್ಕರು, ಹಾಸ್ಯವೆಂದುಕೊಂಡು. ಕಾಳಿಂಗಯ್ಯ ನಗಲಿಲ್ಲವಾದ್ದರಿಂದ ಅವರೂ ನಿಲ್ಲಿಸಿದರು.

ಅವನು ತಮಟೆಯನ್ನು ಅಲ್ಲೇ ಇಟ್ಟು ನೇರವಾಗಿ ಸ್ತುತಿಸಾರರ ಬಂಗಲೆಗೆ ನಡೆದ. ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಳ್ಳಬೇಕಾಯಿತು. ಅಮಾತ್ಯರು ಎಳನೀರು ಕುಡಿಯುತ್ತಿದ್ದರು.

"ಸ್ವಾಮಿ, ಇಷ್ಟು ವರ್ಷ ನಿಮ್ಮ ಮಾತನ್ನ ಊರಿಗೆಲ್ಲ ಮುಟ್ಟಿಸಿದೀನಿ. ನನಗಾಗಿ ಏನೂ ಕೇಳಿದವನಲ್ಲ. ನನ್ನನ್ನ ಆ ಪ್ರಯೋಗಕ್ಕೆ ಸೇರಿಸಿ."

"ಸೇರಿಸೋಣವಂತೆ. ಕಾಯಿಲೆ ಇದೆಯೇ?"

"ಇದೆ, ಸ್ವಾಮಿ."

"ಅದೇ ತೊಂದರೆ ನೋಡು, ಕಾಳಿಂಗ. ನಿನ್ನ ಮೇಲೆ ನನಗೆ ಅಭಿಮಾನವಿದೆ. ಗುಣವಾದ ಮೇಲೆ ಬಾ, ನಾನೇ ಮುಂದೆ ನಿಂತು ಸೇರಿಸುತ್ತೇನೆ."

"ಗುಣವಾದ ಮೇಲೆ ಔಷಧಿ ಯಾಕೆ ಸ್ವಾಮಿ?"

"ಹೀಗೆ ಎಲ್ಲರೂ ಸ್ವಾರ್ಥದ ಪ್ರಶ್ನೆ ಕೇಳಿದರೆ ವಿಜ್ಞಾನ ಮುಂದುವರಿಯುವುದು ಹೇಗೆ?" ಎಂದು ಅಮಾತ್ಯರು ನೊಂದುಕೊಂಡರು.

ಪ್ರಯೋಗಕ್ಕೆ ಅರಮನೆಯ ಪೈಲ್ವಾನರು, ಇಬ್ಬರು ಆಸ್ಥಾನಕವಿಗಳು ಹಾಗೂ ಸ್ತುತಿಸಾರರ ಭಾವಮೈದುನ ಸೇರಿದರು. ಭಾವಮೈದುನನಿಗೆ ಮೈತುಂಬ ಗಂಧೆಯೆದ್ದಿತು. ತ್ಯಾಗವೆಂದು ಪರಿಗಣಿಸಿ ಅವನಿಗೆ ಪದಕ ಕೊಟ್ಟರು. ಶಾಲ್ಮಲಿ ಗಜಶಾಲೆಯಿಂದ ಓಡಿಬಂದು ಒಂದು ಪೆಟ್ಟಿಗೆಯನ್ನಾದರೂ ಬಿಡಿಸಿಕೊಳ್ಳಲು ಬಾಗಿಲಲ್ಲಿ ಗೋಗರೆದಳು. ಅಷ್ಟರಲ್ಲಿ ಉಳಿದದ್ದನ್ನೆಲ್ಲ ಕವಿಗಳು ಜೇನಿನಲ್ಲಿ ಕಲಸಿ ತಿಂದು ಮುಗಿಸಿದ್ದರು, ಕಂಠಕ್ಕೆ ಒಳ್ಳೆಯದೆಂದು.

ಫಲಿತಾಂಶ ಅದ್ಭುತವಾಗಿತ್ತು. ಒಬ್ಬರೂ ಸಾಯಲಿಲ್ಲ. ಯಾರ ಶ್ವಾಸಕೋಶದಲ್ಲೂ ಗೆಡ್ಡೆಯ ಕುರುಹಿರಲಿಲ್ಲ. ಮಹಾರಾಜರು ವಜ್ರದ ಕಿರೀಟದ ಮೇಲೆ ಇನ್ನೊಂದು ಕಿರೀಟವಿಟ್ಟುಕೊಂಡು 'ಶ್ವಾಸಸಾರ್ವಭೌಮ' ಎಂಬ ಬಿರುದು ಧರಿಸಿದರು. ಯಶೋವತಿಯಲ್ಲಿ ಶ್ವಾಸಕೋಶದ ಕ್ಯಾನ್ಸರು ನಿರ್ಮೂಲವಾಗಿದೆ, ಆದ್ದರಿಂದ ಆಸ್ಪತ್ರೆಯ ಆ ವಾರ್ಡು ಇನ್ನು ಮುಂದೆ ವಿಜಯ ವಸ್ತುಸಂಗ್ರಹಾಲಯ, ಇಲ್ಲದ ಕಾಯಿಲೆಯನ್ನು ಇದೆಯೆನ್ನುವವರು ರಾಜದ್ರೋಹಿಗಳು ಎಂದು ಹೊಸ ಡಂಗುರದವನು ಸಾರಿ ಹೋದ.

ಆ ಸದ್ದು ಕೇಳಿ ಈರಮ್ಮ ಕಿಟಕಿ ಮುಚ್ಚಿದಳು. ಸಂದಿಗೆ ಹಳೆಯ ಕಂಬಳಿ ತುರುಕಿದಳು. ಕೋತವಾಲನ ಆಳುಗಳು ಬೀದಿಯಲ್ಲಿ ಕಿವಿಗೊಟ್ಟು ಅಡ್ಡಾಡುತ್ತಿದ್ದರು. ಕಾಳಿಂಗಯ್ಯ ಅವಳ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೆಮ್ಮುವುದನ್ನು ಕಲಿತ.

"ನಿಮಗೆ ಆಗಲ್ಲ ಅಂದ್ರೆ ಜೋರಾಗೇ ಕೆಮ್ಮಿ," ಎಂದಳು ಅವಳು. "ಬರಲಿ, ಯಾರು ಬರ್ತಾರೋ ನೋಡೇ ಬಿಡ್ತೀನಿ."

"ಬೇಡ ಕಣೆ," ಎಂದ. "ಆಮೇಲೆ ನೀನು ಇಲ್ಲೇ ಬಾಳಬೇಕು." ಅದು ಹೊರಗೆ ನಿಂತವರಿಗಿರಲಿ, ಪಕ್ಕದಲ್ಲಿ ಕೂತವಳಿಗೂ ಸರಿಯಾಗಿ ಕೇಳಿಸಲಿಲ್ಲ.

ಒಂದು ಬೆಳಗ್ಗೆ ಅವನು ಏಳಲಿಲ್ಲ. ಪಕ್ಕದ ಮನೆಯ ಗಂಗಕ್ಕ ಬಂದು ಈರಮ್ಮನ ಕೈ ಹಿಡಿದುಕೊಂಡಳು. ಬಾಗಿಲಲ್ಲಿ ಕೋತವಾಲನ ಆಳು ನಿಂತಿದ್ದ.

"ಏನಾಗಿತ್ತವ್ವ?" ಎಂದು ಗಂಗಕ್ಕ ಗಟ್ಟಿಯಾಗಿ ಕೇಳಿದಳು.

"ವಯಸ್ಸಾಗಿತ್ತು," ಎಂದಳು ಈರಮ್ಮ.

ಕಾಳಿಂಗಯ್ಯನಿಗೆ ಐವತ್ತು ತುಂಬಿರಲಿಲ್ಲ. ಗಂಗಕ್ಕ ಅರ್ಥವಾದವಳಂತೆ ತಲೆಯಾಡಿಸಿದಳು. ಮೊನ್ನೆ ಮೊನ್ನೆ ಬಾಣಂತನ ಮುಗಿಸಿ ಬಂದ ಅವಳ ಸೊಸೆಗೂ ಇತ್ತೀಚೆಗೆ ಯಾಕೋ ವಯಸ್ಸಾಗತೊಡಗಿತ್ತು.