ನಾಲ್ಕು ಗಂಟೆ ಹತ್ತು ನಿಮಿಷದ ಕಳ್ಳ

ತಪ್ಪು ಮಾಡಿದವರು ಯಾರು ಎಂದು ಪತ್ತೆ ಹಚ್ಚುವುದರಲ್ಲಿರುವ ರುಚಿ ಮಿರ್ಚಿ ಮಂಡಕ್ಕಿಯಲ್ಲೂ ಇಲ್ಲ ಎಂಬುದು ನನ್ನ ಐವತ್ತೆರಡು ವರ್ಷಗಳ ಅನುಭವ. ತಪ್ಪು ದೊಡ್ಡದೇ ಆಗಿರಬೇಕೆಂದೇನಿಲ್ಲ. ಗೀಸರ್ ಆರಿಸದೆ ಬಂದವರು ಯಾರು, ಉಪ್ಪಿನಕಾಯಿ ಜಾಡಿಗೆ ಒದ್ದೆ ಚಮಚ ಹಾಕಿದವರು ಯಾರು, ಇಷ್ಟು ಸಾಕು, ನನ್ನ ಭಾನುವಾರ ಸಂಪನ್ನವಾಗುತ್ತದೆ. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಇರುವುದು ಮೂರು ಜನ. ಅತ್ತೆಗೆ ಎಂಬತ್ತು ದಾಟಿದೆ, ಅವರ ಮೇಲೆ ಆರೋಪ ಹೊರಿಸುವ ಎದೆಗಾರಿಕೆ ನನಗಿಲ್ಲ. ತನಿಖೆ ನಡೆಸುವವಳು ನಾನು. ಹಾಗಾಗಿ ಅಪರಾಧಿ ಯಾರೆಂಬುದು ಅಪರಾಧ ನಡೆಯುವ ಮೊದಲೇ ತೀರ್ಮಾನವಾಗಿರುತ್ತದೆ. ಯಜಮಾನರು ಪಾಪ, ಈಚೆಗೆ ವಿಚಾರಣೆಗೂ ಕಾಯುವುದಿಲ್ಲ. ನಾನು ಅಡಿಗೆಮನೆಯಿಂದ "ಯಾರ್ರೀ ಇದು…" ಎಂದು ಬಾಯಿ ತೆರೆಯುವಷ್ಟರಲ್ಲಿ ಪಡಸಾಲೆಯಿಂದ "ನಾನೇ" ಎಂಬ ಉತ್ತರ ಬಂದಿರುತ್ತದೆ.

ಈ ಚಟಕ್ಕೆ ಜೊತೆಯಾಗಿ ನನಗೆ ಇನ್ನೊಂದು ಚಟವಿದೆ, ದಿನಚರಿ ಬರೆಯುವುದು. ಅದರಲ್ಲಿ ಘನವಾದ ವಿಚಾರಗಳನ್ನು ಹುಡುಕಬೇಡಿ. ಹಾಲು ಆರೂ ಹತ್ತಕ್ಕೆ ಬಂತು, ನಲ್ಲಿ ನೀರು ಇಪ್ಪತ್ತು ನಿಮಿಷ, ಹರಿಹರದ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು, ಅತ್ತೆ ಎರಡು ರೊಟ್ಟಿ ತಿಂದರು. ಇಂಥವೇ. ಯಜಮಾನರು ಒಮ್ಮೆ ಓದಿ ನೋಡಿ, "ಇದನ್ನ ಯಾರು ಓದ್ತಾರೆ?" ಎಂದು ಕೇಳಿದ್ದರು. "ಬೇಕಾದಾಗ ಬೇಕಾಗ್ತದೆ" ಎಂದಿದ್ದೆ. ಬೇಕಾದ ದಿನ ಬಂದದ್ದು ಹೇಗೆ ಎಂಬುದೇ ಈಗ ಹೇಳಹೊರಟಿರುವ ಕಥೆ.

ನಾನು ಕೆಲಸ ಮಾಡುವುದು ಗುತ್ತೂರಿನ ಹತ್ತಿರದ ಒಂದು ಸಣ್ಣ ಎರಕದ ಕಾರ್ಖಾನೆಯ ಉಗ್ರಾಣದಲ್ಲಿ. ಪಂಪು, ಗೇರು, ತಿರುಗಣಿ ಹೀಗೆ ಒಂದೊಂದನ್ನು ಎರಕ ಹೊಯ್ಯಲೂ ಒಂದೊಂದು ಮರದ ಅಚ್ಚು ಬೇಕು. ಅಂಥ ಮುನ್ನೂರ ಹನ್ನೆರಡು ಅಚ್ಚುಗಳಿವೆ. ಯಾವ ಅಚ್ಚು ಯಾವ ಕಪಾಟಿನ ಯಾವ ಅಂತಸ್ತಿನಲ್ಲಿದೆ ಎಂದು ಹೇಳುವುದೇ ನನ್ನ ಕೆಲಸ. ಮೊದಲು ಉದ್ದನೆಯ ರಿಜಿಸ್ಟರ್ ಇತ್ತು. ಎರಡು ವರ್ಷದ ಹಿಂದೆ ನಮ್ಮ ಸಾಹುಕಾರರಿಗೆ ಆಧುನಿಕರಾಗುವ ಹುಕಿ ಬಂತು. ಹರಿಹರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡು ಕಂಪ್ಯೂಟರ್ ರಿಪೇರಿಯನ್ನೂ ಮಾಡುವ ಕೊಟ್ರೇಶ ಬಂದು ಆ ರಿಜಿಸ್ಟರನ್ನೆಲ್ಲ ಕ್ಲೌಡ್ ಡೇಟಾಬೇಸಿಗೆ, ಅಂದರೆ ದೂರದ ಯಾವುದೋ ಕಂಪನಿಯ ಕಂಪ್ಯೂಟರಿಗೆ, ಏರಿಸಿದ. "ಇದನ್ನ ನಾವು ನೋಡ್ಕಳಂಗಿಲ್ರಿ ಮೇಡಂ, ಕಂಪನಿಯವರೇ ನೋಡ್ಕಂತಾರೆ. ಬ್ಯಾಕಪ್ಪು, ರಿಪೇರಿ, ಎಲ್ಲಾ ಅವರದೇ. ನೀವು ಆರಾಮ್ ಇರ್ರಿ" ಎಂದ. ಬಾಡಿಗೆ ಮನೆಯ ಗೋಡೆಗೆ ಸುಣ್ಣ ಮಾಲೀಕರೇ ಬಳಿಸಿದ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಉಗ್ರಾಣದಲ್ಲಿ ಎಲ್ಲರೂ ಒಂದೇ ಹೆಸರಿನಿಂದ ಅದರ ಒಳಗೆ ಹೋಗುವುದು. ಮರೆಯಬಾರದೆಂದು ಪಾಸ್‌ವರ್ಡನ್ನು ಮಾನಿಟರಿನ ಕೆಳಗೆ ದುಂಡಗಿನ ಅಕ್ಷರದಲ್ಲಿ ಬರೆದು ಅಂಟಿಸಿದವಳು ನಾನೇ.

ಒಂದು ಬುಧವಾರ ಮಧ್ಯಾಹ್ನ ಎರಕದವರು ಪಂಪಿನ ಅಚ್ಚು ಕೇಳಿದರು. ಕಂಪ್ಯೂಟರಿನಲ್ಲಿ ನೋಡಿದೆ. "ಕಪಾಟು ಏಳು, ಮೇಲಂತಸ್ತು" ಎಂದಿತು. ಅದು ನಾನು ಊಟದ ಡಬ್ಬಿ ಇಡುವ ಜಾಗ. ಹೋಗಿ ನೋಡಿದರೆ ಡಬ್ಬಿ ಇತ್ತು, ಪಂಪಿನ ಅಚ್ಚು ಇರಲಿಲ್ಲ. ಗೇರಿನ ಅಚ್ಚು ಹುಡುಕಿದೆ. ಅದೂ ಕಪಾಟು ಏಳು, ಮೇಲಂತಸ್ತು. ತಿರುಗಣಿಯದ್ದೂ ಅಲ್ಲೇ. ಕಂಪ್ಯೂಟರಿನ ಪ್ರಕಾರ ಮುನ್ನೂರ ಹನ್ನೆರಡು ಅಚ್ಚುಗಳೂ ನನ್ನ ಚಿತ್ರಾನ್ನದ ಡಬ್ಬಿಯ ಪಕ್ಕದಲ್ಲಿ ಒತ್ತೊತ್ತಾಗಿ ಕುಳಿತಿದ್ದವು. "ಎಲ್ಲಾ ನನ್ನ ತಲೆಯಲ್ಲಿದೆ" ಎಂದು ವರ್ಷಗಟ್ಟಲೆ ಕೊಚ್ಚಿಕೊಂಡವಳು ನಾನು. ಅವತ್ತು ತಲೆಯ ಕಪಾಟು ತೆಗೆದು ನೋಡಿದರೆ ಅಲ್ಲಿಯೂ ಬರೀ ಚಿತ್ರಾನ್ನವೇ.

ಸಾಹುಕಾರರು ಕೆಂಪಾದರು. "ಯಾರ್ ಮಾಡ್ಯಾರ ಇದನ್ನ? ಹೆಸರು ಬೇಕು ನನಗ!" ಕೊಟ್ರೇಶನಿಗೆ ಫೋನು ಹೋಯಿತು. ಹಿಂದಿನ ದಿನದ ನಕಲು ಕಂಪನಿಯವರ ಹತ್ತಿರ ಭದ್ರವಾಗಿದೆ, ನಾಳೆ ಬಂದು ಹಾಕಿಕೊಡುತ್ತೇನೆ ಎಂದ. ಆದರೆ ಯಾರು ಮಾಡಿದರು? "ಅದಕ್ಕೂ ದಾರಿ ಐತ್ರಿ ಮೇಡಂ. ಲಾಗ್ ಅಂತ ಇರ್ತೈತೆ. ಒಳಗ ಏನೇನು ಆಗೈತೆ ಅಂತ ಅದೇ ಬರ್ಕಂತಾ ಹೋಗ್ತೈತೆ. ನೀವೇ ನೋಡಬಹುದು, ಕೂಡ್ರಿ, ಹೇಳ್ತೀನಿ" ಎಂದು ಒಂದೊಂದೇ ಹೆಜ್ಜೆ ಹೇಳಿಕೊಟ್ಟ. ಕಂಪನಿಯ ಪುಟಕ್ಕೆ ಹೋಗಿ, ನಮ್ಮ ಡೇಟಾಬೇಸಿನ ಹೆಸರು ಒತ್ತಿ, ಲಾಗ್ ಎಂಬಲ್ಲಿಗೆ ಇಳಿದು, ಅವತ್ತಿನ ಕಡತ ಆರಿಸಿ, "ನೋಡು" ಎಂಬುದನ್ನು ಒತ್ತಿದರೆ ಆಯಿತು. ಬದಲಾವಣೆಯ ಸಾಲುಗಳನ್ನಷ್ಟೇ ಹುಡುಕಲು ಯಾವ ಪದ ಹಾಕಬೇಕೆಂದೂ ಹೇಳಿದ. ಹಾಕಿದೆ. ಸಿಕ್ಕಿತು! ಮುನ್ನೂರ ಹನ್ನೆರಡು ಸಾಲಿಗೂ ಒಂದೇ ಏಟಿಗೆ "ಕಪಾಟು ಏಳು" ಎಂದು ಬಳಿದಿದ್ದರು. ಹೊತ್ತು, ನಾಲ್ಕು ಗಂಟೆ ಹತ್ತು ನಿಮಿಷ. ಬೆಳಗಿನ ಜಾವ.

ಆ ಹೊತ್ತಿನಲ್ಲಿ ಕಾರ್ಖಾನೆಯೊಳಗೆ ಇರುವ ಮನುಷ್ಯ ಒಬ್ಬನೇ, ಕಾವಲುಗಾರ ರುದ್ರಪ್ಪ. ಕಡರನಾಯಕನಹಳ್ಳಿಯವನು, ಹೆಚ್ಚು ಕಡಿಮೆ ನನ್ನ ವಯಸ್ಸಿನವನು, ಹನ್ನೊಂದು ವರ್ಷದಿಂದ ಇದ್ದಾನೆ. ಫ್ಯಾನು ಇದೆಯೆಂದು ಉಗ್ರಾಣದ ಆಫೀಸಿನಲ್ಲೇ ಕೂರುತ್ತಾನೆ. ನನ್ನ ಎದೆ ಹಿಗ್ಗಿತು. ಉಪ್ಪಿನಕಾಯಿ ಜಾಡಿಯಿಂದ ಶುರುವಾದ ನನ್ನ ಪತ್ತೇದಾರಿಕೆ ಎಲ್ಲಿಗೆ ಬಂದು ನಿಂತಿತು ನೋಡಿ! ಒಂದು ಸಣ್ಣ ವಿಚಿತ್ರವನ್ನು ಗಮನಿಸಿದೆ ಎನ್ನುವುದನ್ನೂ ಒಪ್ಪಿಕೊಳ್ಳಬೇಕು. ನಾನು ನೋಡುತ್ತಿದ್ದಾಗ ಗೋಡೆ ಗಡಿಯಾರದಲ್ಲಿ ಸಂಜೆ ಐದಾಗಿತ್ತು, ಲಾಗಿನ ಕೊನೆಯ ಸಾಲು ಮಾತ್ರ ಹನ್ನೊಂದೂವರೆ ಎನ್ನುತ್ತಿತ್ತು. ದೂರದಿಂದ ಬರಬೇಕಲ್ಲ, ತಡವಾಗಿ ಬರುತ್ತದೆ ಎಂದುಕೊಂಡೆ. ಹೊತ್ತಿನ ಪಕ್ಕದಲ್ಲಿ ಮೂರು ಇಂಗ್ಲಿಷ್ ಅಕ್ಷರಗಳೂ ಇದ್ದವು. ಡಾಕ್ಟರುಗಳ ಹೆಸರಿನ ಮುಂದಿನ ಅಕ್ಷರಗಳನ್ನು ನಾವೇನು ಓದುತ್ತೇವೆಯೆ?

ಗುರುವಾರ ಬೆಳಿಗ್ಗೆ ಮನೆಗೆ ಹೊರಟಿದ್ದ ರುದ್ರಪ್ಪನನ್ನು ತಡೆದು ವಿಚಾರಣೆ ನಡೆಯಿತು.

"ಕಂಪ್ಯೂಟರ್ ಮುಟ್ಟೀಯೇನಲೇ?" ಎಂದರು ಸಾಹುಕಾರರು.

ರುದ್ರಪ್ಪ ಟವೆಲ್ಲನ್ನು ಹೆಗಲಿಂದ ಇಳಿಸಿ ಕೈಗೆ ತೆಗೆದುಕೊಂಡ. "ಮುಟ್ಟೀನ್ರಿ. ಸುಳ್ಳು ಯಾಕ ಹೇಳ್ಲಿ? ಒಂದೊಂದ್ಸಲ ಕುಸ್ತಿ ನೋಡ್ತೀನಿ. ಆದ್ರ ಅಚ್ಚಿನ ಸುದ್ದಿಗೆ ಹೋಗಿಲ್ರಿ."

"ನಾಲ್ಕೂ ಹತ್ತಕ್ಕೆ ಎಲ್ಲಿದ್ರಿ ರುದ್ರಪ್ಪ?" ಎಂದೆ ನಾನು, ವಕೀಲಳ ಹಾಗೆ.

"ನಾಕ್ ಗಂಟೆಗೆ ಟ್ಯಾಂಕಿಗೆ ನೀರು ಬಿಡ್ತೀನ್ರಿ ಮೇಡಂ. ಮೋಟ್ರು ಹತ್ರ ಇದ್ದೆ."

"ನೋಡಿದೋರು ಯಾರು?"

"ಮೋಟ್ರು ನೋಡೈತ್ರಿ" ಎಂದ. ನಾನು ನಗಲಿಲ್ಲ. ವಕೀಲರು ನಗಬಾರದು. ಲಾಗಿನ ಆ ಸಾಲನ್ನು ಮುದ್ರಿಸಿ ತಂದಿದ್ದೆ, ಸಾಹುಕಾರರ ಮೇಜಿನ ಮೇಲೆ ಇಟ್ಟೆ. ಅಚ್ಚುಗಳನ್ನು ಕದ್ದು ಮಾರಲೆಂದೇ ಅವುಗಳ ಜಾಗ ಅಳಿಸಿದ್ದಾನೆ ಎಂಬುದು ನನ್ನ ವಾದ. "ಸೋಮವಾರದಿಂದ ಬ್ಯಾರೆಯವ್ನು ಬರ್ತಾನ. ನೀನು ಇವತ್ತಿಂದಲೇ ಬರಬ್ಯಾಡ" ಎಂದರು ಅವರು. ರುದ್ರಪ್ಪ ನನ್ನ ಕಡೆ ನೋಡಿದ. "ಹನ್ನೊಂದು ವರ್ಷದಾಗ ಒಂದು ಮೊಳೆ ಆಚೆ ಹೋಗಿಲ್ರಿ ಮೇಡಂ. ಕಳ್ಳ ಅನ್ನಿಸ್ಕಂಡು ಹೋಗಂಗಾತಲ್ಲ" ಎಂದಷ್ಟೇ ಹೇಳಿ, ಟಾರ್ಚನ್ನು ಮೇಜಿನ ಮೇಲಿಟ್ಟು ಹೋದ. ಮಧ್ಯಾಹ್ನ ಕೊಟ್ರೇಶ ಬಂದು ಹಳೆಯ ನಕಲನ್ನು ಹಾಕಿದ. ಅಚ್ಚುಗಳೆಲ್ಲ ಅವುಗಳ ಜಾಗಕ್ಕೆ ಮರಳಿದವು. ರುದ್ರಪ್ಪ ಮಾತ್ರ ಮರಳಲಿಲ್ಲ.

ಶುಕ್ರವಾರ ಕೆಲಸ ಕಡಿಮೆ ಇತ್ತು. ಹೊಸದಾಗಿ ಕಲಿತ ವಿದ್ಯೆ, ಕೈ ಸುಮ್ಮನಿರಲಿಲ್ಲ. ಬುಧವಾರದ ಲಾಗನ್ನು ಈ ಸಲ ಹುಡುಕುವ ಪದವಿಲ್ಲದೆ ಮೊದಲಿಂದ ಕೊನೆಯವರೆಗೆ ಓದಲು ಕುಳಿತೆ. ಓದುತ್ತಾ ಓದುತ್ತಾ ಅದರ ಮೇಲೆ ನನಗೆ ಪ್ರೀತಿಯೇ ಹುಟ್ಟಿತು. ಐದೈದು ನಿಮಿಷಕ್ಕೊಮ್ಮೆ "ಈಗ ಎಲ್ಲವನ್ನೂ ಎತ್ತಿಡಲು ಶುರು ಮಾಡಿದೆ" ಎಂದು ಬರೆಯುತ್ತದೆ. ಸ್ವಲ್ಪ ಹೊತ್ತಿಗೆ "ಎತ್ತಿಟ್ಟಾಯಿತು" ಎಂದು ಬರೆಯುತ್ತದೆ. ಯಾರೋ ಇಲ್ಲದ್ದನ್ನು ಕೇಳಿದರೆ "ಇಂಥದ್ದು ನಮ್ಮಲ್ಲಿ ಇಲ್ಲ" ಎಂದು ಬರೆಯುತ್ತದೆ. ಸಿಟ್ಟಿಲ್ಲ, ಸೆಡವಿಲ್ಲ. ಹಾಲು ಬಂತು, ಕುದಿಸಿದೆ ಎಂದು ಬರೆಯುವ ನನಗೆ ಇಷ್ಟು ದಿನ ಎಲ್ಲೋ ಒಬ್ಬ ಅಕ್ಕ ಇದ್ದಳು, ಗೊತ್ತಿರಲಿಲ್ಲ ಎನ್ನಿಸಿತು.

ಸಾಹುಕಾರರ ಗುಟ್ಟೂ ಅಲ್ಲೇ ಸಿಕ್ಕಿತು. ಅವರು ಮನೆಯಿಂದಲೇ ನೋಡಲೆಂದು ಅವರಿಗೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇದೆ. ದಿನಾ ಬೆಳಿಗ್ಗೆ ಬಂದವರೇ "ಕಾಫಿ ಕುಡೀತಾ ಎಲ್ಲಾ ಸ್ಟಾಕ್ ನೋಡ್ಕಂಡೇ ಬಂದೀನಿ" ಎನ್ನುತ್ತಾರೆ. ಲಾಗಿನ ಪ್ರಕಾರ ಅವರು ಮಾಡಿದ್ದಿಷ್ಟೇ: ಪಾಸ್‌ವರ್ಡ್ ತಪ್ಪು, ಪಾಸ್‌ವರ್ಡ್ ತಪ್ಪು, ಪಾಸ್‌ವರ್ಡ್ ತಪ್ಪು, ಪಾಸ್‌ವರ್ಡ್ ತಪ್ಪು. ಆಮೇಲೆ ಮೌನ. ನಗು ತಡೆಯಲಾಗದೆ ಸೆರಗು ಬಾಯಿಗಿಟ್ಟುಕೊಂಡೆ. ಮರುಕ್ಷಣ ಹೊತ್ತು ನೋಡಿದೆ. ಮೂರೂವರೆ. ಬೆಳಗಿನ ಜಾವ ಮೂರೂವರೆಗೆ ಸಾಹುಕಾರರು ಕಾಫಿ ಕುಡಿಯುತ್ತಾರೆಯೆ? ಎಂಟಕ್ಕೆ ಮೊದಲು ಅವರನ್ನು ಎಬ್ಬಿಸಿದವರು ಯಾರೂ ಉಳಿದಿಲ್ಲ ಎಂದು ಅವರ ಮನೆಯವರೇ ಹೇಳಿದ್ದರು.

ನಗು ನಿಂತಿತು. ಕೆಳಗೆ ಇಳಿದೆ. ಎಂಟರಿಂದ ಎಂಟೂ ನಲವತ್ತರವರೆಗೆ ಉಗ್ರಾಣದಿಂದ ಒಂದು ಸಾಲೂ ಇಲ್ಲ. ನಲವತ್ತು ನಿಮಿಷದ ಈ ಮೌನ ನನಗೆ ಚೆನ್ನಾಗಿ ಗೊತ್ತು. ಅದು ನನ್ನ ಊಟ. ಆದರೆ ನಾನು ಉಣ್ಣುವುದು ಒಂದೂವರೆಗೆ. ಹನ್ನೆರಡೂವರೆಯ ನಂತರ ಮತ್ತೆ ಪೂರ್ತಿ ಮೌನ. ನಾವು ಬಾಗಿಲು ಹಾಕುವುದು ಸಂಜೆ ಆರಕ್ಕೆ. ಬೆರಳು ಮಡಚಿದೆ. ಎಲ್ಲದಕ್ಕೂ ಐದೂವರೆ ಗಂಟೆಯ ವ್ಯತ್ಯಾಸ.

ಕೊಟ್ರೇಶನಿಗೆ ಫೋನು ಮಾಡಿದೆ. "ಅಯ್ಯ, ಅದು ಲಂಡನ್ ಕಡೆ ಟೈಮಲ್ರಿ ಮೇಡಂ! ಪಕ್ಕದಾಗ ಮೂರು ಅಕ್ಷರ ಇದ್ವಲ್ಲ, ನೋಡ್ಲಿಲ್ಲೇನ್ರಿ? ನೀವು ನಾಕೂ ಹತ್ತು ಅಂದ್ರಿ, ನಮ್ಮ ನಾಕೂ ಹತ್ತು ಅನ್ಕಂಡೆ ನಾನು."

ನಾಲ್ಕೂ ಹತ್ತಕ್ಕೆ ಐದೂವರೆ ಕೂಡಿದರೆ ಒಂಬತ್ತೂ ನಲವತ್ತು. ಬುಧವಾರ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಈ ಕುರ್ಚಿಯಲ್ಲಿ ಯಾರಿದ್ದರು? ಕೈಚೀಲದಿಂದ ದಿನಚರಿ ತೆಗೆದೆ. ಬೇಕಾದಾಗ ಬೇಕಾಗ್ತದೆ ಎಂದಿದ್ದೆನಲ್ಲ! "ಒಂಬತ್ತೂವರೆಗೆ ಬಂದೆ. ಚಿತ್ರಾನ್ನ ಬಿಸಿ ಇದೆ. ತೂಬಿನ ಅಚ್ಚನ್ನು ಕಪಾಟು ಏಳಕ್ಕೆ ಇಟ್ಟು ಕಂಪ್ಯೂಟರಿನಲ್ಲಿ ತಿದ್ದಿದೆ. ಇವತ್ತು ಕಂಪ್ಯೂಟರು ಬಹಳ ಚುರುಕು."

ಚುರುಕಾಗದೆ ಏನು? ಒಂದರ ಬದಲು ಮುನ್ನೂರ ಹನ್ನೆರಡನ್ನು ತಿದ್ದಿತ್ತು. ಈಗ ಎಲ್ಲವೂ ಕಣ್ಣ ಮುಂದೆ ಬಂತು. "ಎಲ್ಲಕ್ಕೂ ಹಾಕಲೇ?" ಎಂದು ಅದು ಕೇಳಿತ್ತು. ಹೂಂ ಎಂದಿದ್ದೆ. "ಖಂಡಿತವಾಗಿ?" ಎಂದು ಇನ್ನೊಮ್ಮೆ ಕೇಳಿತ್ತು. ನಮ್ಮ ಕಡೆ ಪಂಕ್ತಿಯಲ್ಲಿ ಬಡಿಸುವವರು ಎರಡನೇ ಸಲ ಕೇಳಿದ ಮೇಲೂ ಬೇಡ ಎಂದರೆ ಮನೆಯವರಿಗೆ ಅವಮಾನ. ಅಷ್ಟು ಉಪಚಾರ ಮಾಡಿ ಕೇಳುತ್ತಿರುವಾಗ ಇಲ್ಲ ಎನ್ನುವ ಸಂಸ್ಕಾರ ನನ್ನದಲ್ಲ.

ಸಾಹುಕಾರರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ತಲೆ ಕೆರೆದುಕೊಂಡರು. "ಆಗಿದ್ದಾತು ಬಿಡ್ರಿ ಮೇಡಂ. ಅಚ್ಚು ಸರಿ ಹೋದ್ವಲ್ಲ. ಬ್ಯಾರೆಯವ್ನಿಗೆ ಮಾತು ಕೊಟ್ಟೀನಿ, ಈಗ ಹೆಂಗೆ ಬ್ಯಾಡ ಅನ್ಲಿ?"

"ಅವರನ್ನ ಕಳ್ಳ ಅಂದಿದ್ದೀವಿ ಸಾರ್."

"ಅಂದಿದ್ದು ನಾನಲ್ರಿ, ಲಾಗು."

ನನಗೆ ಎಲ್ಲಿಂದ ಧೈರ್ಯ ಬಂತೋ ಕಾಣೆ. "ಲಾಗು ಹೇಳಿದ್ದನ್ನೆಲ್ಲ ನಂಬೋದಾದ್ರೆ ಸಾರ್, ಬೆಳಿಗ್ಗೆ ಕಾಫಿ ಹೊತ್ತಿಗೆ ಯಾರೋ ಒಬ್ಬರು ನಾಕು ಸಲ ಪಾಸ್‌ವರ್ಡ್ ತಪ್ಪು ಹಾಕಿ, ಸ್ಟಾಕ್ ನೋಡದೇನೇ ಎದ್ದು ಬರ್ತಾರೆ ಅಂತಾನೂ ಅದು ಹೇಳ್ತದೆ. ಅದನ್ನೂ ಮುದ್ರಿಸಿ ಇಡ್ಲಾ?" ಎಂದೆ. ಅವರು ಬಾಗಿಲ ಕಡೆ ನೋಡಿದರು, ಫ್ಯಾನಿನ ಕಡೆ ನೋಡಿದರು. "ಕರ್ಕಂಬರ್ರಿ ಅವನ್ನ" ಎಂದರು. "ನೀವೇ ಹೋಗ್ರಿ. ಫೋನ್‌ನಾಗ ಹೇಳೋದಲ್ಲ ಇದು." ಆ ಕೊನೆಯ ಮಾತಿಗಾಗಿ ಅವರ ನಾಲ್ಕು ಪಾಸ್‌ವರ್ಡನ್ನೂ ನಾನು ಕ್ಷಮಿಸಿದ್ದೇನೆ.

ಭಾನುವಾರ ಕಡರನಾಯಕನಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಕ್ಷಮೆಯ ಮಾತುಗಳನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಬಾಗಿಲಲ್ಲಿ ರುದ್ರಪ್ಪನ ಹೆಂಡತಿ ಗಂಗಮ್ಮ, "ಬರ್ರಿ ಮೇಡಂ, ಕೂಡ್ರಿ, ಕೂಡ್ರಿ! ಕಾಂಪೌಂಡ್ ರಿಪೇರಿ ಮುಗೀತೇನ್ರಿ?" ಎಂದಳು. ನಾನು ತಬ್ಬಿಬ್ಬಾದೆ. ಅವಳ ಹಿಂದೆ ನಿಂತ ರುದ್ರಪ್ಪ ಕಣ್ಣಲ್ಲೇ ಬೇಡಿಕೊಂಡ. ಕಾಂಪೌಂಡ್ ರಿಪೇರಿ ಇದೆ, ಅದಕ್ಕೇ ರಜೆ ಎಂದು ಹೆಂಡತಿಗೆ ಹೇಳಿದ್ದನಂತೆ. ಕಳ್ಳ ಎನ್ನಿಸಿಕೊಂಡದ್ದನ್ನು ಮನೆಯೊಳಗೆ ತಂದಿರಲಿಲ್ಲ. ಕ್ಷಮೆ ಕೇಳಬೇಕೆಂದರೆ ಮೊದಲು ಅವನ ಮಾನ ತೆಗೆಯಬೇಕು! ಬಾಯಿಪಾಠವನ್ನೆಲ್ಲ ಅಲ್ಲೇ ಬಿಟ್ಟೆ. "ಮುಗೀತಮ್ಮ" ಎಂದೆ. "ಗೋಡೆ ನೆಟ್ಟಗೇ ಇತ್ತು. ನೋಡಿದೋರ ಕಣ್ಣೇ ಸೊಟ್ಟ ಇತ್ತು. ನಾಳೆಯಿಂದ ಕಳಿಸಿಕೊಡು." ಗಂಗಮ್ಮ ಅರ್ಥವಾಗದೆ ನಕ್ಕು ಚಹಾ ತರಲು ಒಳಗೆ ಹೋದಳು. ರುದ್ರಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆಮೇಲೆ ಮೆಲ್ಲಗೆ, "ಯಾರ್ರಿ ಮೇಡಂ ಮಾಡಿದ್ದು?" ಎಂದ.

"ನಾನೇ" ಎಂದೆ. ನಮ್ಮ ಯಜಮಾನರು ದಿನಾ ಅಷ್ಟು ಸಲೀಸಾಗಿ ಹೇಳುವ ಈ ಪದ ಎಷ್ಟು ಭಾರವಾಗಿದೆ ಎಂದು ಅವತ್ತೇ ನನಗೆ ತಿಳಿದದ್ದು.

ಸೋಮವಾರ ಸಂಜೆ ರುದ್ರಪ್ಪ ಬಂದವನು ಒಂದು ಷರತ್ತು ಹಾಕಿದ. ಆ ಲಾಗನ್ನು ತಾನೂ ನೋಡಬೇಕು. ಕುರ್ಚಿ ಎಳೆದು ಕೂರಿಸಿ, ಐದೂವರೆ ಗಂಟೆ ಕೂಡಿಸಿ ತೋರಿಸಿದೆ. ಬೆಳಿಗ್ಗೆ ಬಂತು, ಮಧ್ಯಾಹ್ನ ಬಂತು, ಸಂಜೆ ಬಂತು. ರಾತ್ರಿಯ ಭಾಗದಲ್ಲಿ ಎತ್ತಿಡಲು ಶುರು ಮಾಡಿದೆ, ಎತ್ತಿಟ್ಟಾಯಿತು ಎಂಬುದು ಬಿಟ್ಟರೆ ಏನೂ ಇರಲಿಲ್ಲ. ಅವನು ಬೆರಳಿಟ್ಟು ಒಂದೊಂದೇ ಸಾಲು ನೋಡಿದ.

"ರಾತ್ರಿ ಎಲ್ಲಾ ಖಾಲಿ ಐತಲ್ರಿ?"

"ಹೂಂ, ಏನೂ ಆಗಿಲ್ಲ."

"ಅದೇ ಮತ್ತೆ ನನ್ನ ಕೆಲಸ" ಎಂದು ಎದ್ದು, ಟಾರ್ಚು ತೆಗೆದುಕೊಂಡು ಹೋದ.

ಅಲ್ಲಿಗೆ ಎಲ್ಲ ಮುಗಿಯಿತು ಎಂದು ನಾನು ಭಾವಿಸಿದ್ದೆ. ಆದರೆ ರುದ್ರಪ್ಪ ಅಷ್ಟು ಸುಲಭಕ್ಕೆ ಬಿಡುವ ಕುಳವಲ್ಲ. ಈಗ ದಿನಾ ಸಂಜೆ ಆರಕ್ಕೆ, ಎರಕದವರೆಲ್ಲ ಕೈಕಾಲು ತೊಳೆದು ಗೇಟಿನಲ್ಲಿ ಸೇರಿರುವಾಗ, ನಾನು ಬಸ್ಸಿಗೆ ಹೊರಡುವ ಹೊತ್ತು ನೋಡಿ ಗಟ್ಟಿಯಾಗಿ ಕೇಳುತ್ತಾನೆ: "ಮೇಡಂ, ಗಂಟೆ ಎಷ್ಟಾತ್ರಿ?" ನಾನು ಕೈಗಡಿಯಾರ ನೋಡಿ "ಆರೂ ಐದು" ಎನ್ನುತ್ತೇನೆ. "ನಿಮ್ಮ ಆರೂ ಐದೋ, ಲಂಡನ್ನಿಂದೋ?" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಸೆರಗಿನ ಮರೆಯಲ್ಲಿ ಬೆರಳು ಮಡಚಿ ಇನ್ನೊಮ್ಮೆ ಲೆಕ್ಕ ಹಾಕುತ್ತೇನೆ.