ಜಯಶೀಲ ಶೆಟ್ಟರ ಡಿಫರ್ಡ್ ಪಿಂಚಣಿ

“ಹೂಡಿಕೆಯ ಭಾಷೆ ನನಗೆ ಯಾರೂ ಕಲಿಸ್ಬೇಕಾಗಿಲ್ಲ!” 2011ರಲ್ಲಿ ರಬಾಳೆಯ ಕಾರ್ಖಾನೆಯಿಂದ ನಿವೃತ್ತರಾದ ಮರುದಿನವೇ ಜಯಶೀಲ ಶೆಟ್ಟರು ಕೋಪರಿಯ ಮನೆಯಲ್ಲಿ ಘೋಷಿಸಿದರು.

ಹೆಂಡತಿ ಜಯಲತಾಗೆ ಭಾಷೆ ಬೇಕಿರಲಿಲ್ಲ, ಸಮುದ್ರ ಬೇಕಿತ್ತು. ಉಡುಪಿ ಬಳಿಯ ಕಡಲೂರು ಕಾಪುವಿನಲ್ಲಿ ಹುಟ್ಟಿದವಳು, ಮದುವೆಯಾದಂದಿನಿಂದ ಕೇಳಿದ್ದೆಲ್ಲ ಮರಾಠಿ ಸೀಮೆಯ ಲೋಕಲ್ ಟ್ರೇನಿನ ಸದ್ದು. ದೂರದ ಗಾಡಿಯ ಸದ್ದನ್ನೇ ಕಡಲ ತೆರೆಯೆಂದುಕೊಂಡು ಒಲೆಯೆದುರು ಸುಮ್ಮನೆ ಕಿವಿಗೊಟ್ಟು ನಿಲ್ಲುತ್ತಿದ್ದಳು. “ಕಡಲ ಬದಿಯಲ್ಲಿ ಒಂದು ಬಾಡಿಗೆ ಕೋಣೆ, ಸಾಕು” ಎಂದರೆ ಶೆಟ್ಟರದು ಒಂದೇ ಉತ್ತರ: “ರಿಟೈರ್ ಆಗ್ಲಿ ಮಾರಾಯ್ತಿ!” ಈಗ ಆಗಿತ್ತು. ನಿವೃತ್ತಿಯ ಇಡುಗಂಟು ಹಾಕಿ ಕೊಂಡ ಪಾಲಿಸಿಯಿಂದ ಪಿಂಚಣಿ ಬರತೊಡಗಿದರೆ ಬಾಡಿಗೆಗೆ ದಾರಿ. ಅವಳ ಬ್ಯಾಗು ಆಗಲೇ ತುಂಬಿತ್ತು.

ಮಾಜಿವಾಡಾದ ವಿಮಾ ಕಚೇರಿಯಲ್ಲಿ ಏಜೆಂಟ್ ತಾರಾನಾಥ ಕೇಳಿದ: “ಇಮಿಡಿಯೇಟಾ, ಡಿಫರ್ಡಾ ಶೆಟ್ರೇ? ವ್ಯತ್ಯಾಸ ಹೇಳ್ಬೇಕಾ?”

“ನನಗೆ ಹೇಳುದಾ!” ಶೆಟ್ಟರು ಮೀಸೆ ತಿರುವಿದರು. ಅವರ ಕಿವಿಗೆ ಬಿದ್ದದ್ದು ‘ಪ್ರಿಫರ್ಡ್’! ಅಂದರೆ ಎಲ್ಲರೂ ಮೆಚ್ಚುವಂಥದು, ಮೊದಲ ದರ್ಜೆಯದು! “ನಮಗೆ ಆ ಎರಡನೆಯದೇ ಬರಿ!”

ಪಾಲಿಸಿ ಅಂಚೆಯಲ್ಲಿ ಬಂತು. ಅಲ್ಲೇ ಹುಟ್ಟಿ ಬೆಳೆದ ಮಗಳು ಅಶ್ಮಿತಾ ಓದಿ ಮರಾಠಿಯಲ್ಲೇ ಹೌಹಾರಿದಳು. “ಪಪ್ಪಾ, ಡಿಫರ್ಡ್ ಮ್ಹಣಜೆ ನಂತರ! ಪೆನ್ಶನ್ ದಹಾ ವರ್ಷಾಂನಿ!”

“ಎಂತದು, ಹತ್ತು ವರ್ಷ ಬಿಟ್ಟಾ?” ಜಯಲತಾ ಕುಸಿದು ಕುಳಿತಳು. “ಇಷ್ಟು ವರ್ಷ ನನ್ನನ್ನು ಮುಂದೆ ಹಾಕಿದ್ದು ಸಾಕಾಗ್ಲಿಲ್ವಾ? ಪಿಂಚಣಿಯನ್ನೂ ಮುಂದೆ ಹಾಕಿದ್ರಾ?”

ಬೈಗುಳಕ್ಕೆ ಶೆಟ್ಟರು ಹೆದರಿದವರಲ್ಲ. ಆದರೆ ಅವಳು ಬೈಯುವುದನ್ನು ಬಿಟ್ಟು, ಬ್ಯಾಗಿನಿಂದ ಒಂದೊಂದೇ ಸೀರೆ ತೆಗೆದು ಕಪಾಟಿನಲ್ಲಿಡತೊಡಗಿದಾಗ ಅವರು ಪಾಲಿಸಿ ಕೈಗೆತ್ತಿಕೊಂಡರು. ತಾರಾನಾಥನಿಗೆ ಫೋನಾಯಿಸಿದರು.

“ಗಾಬರಿ ಬೇಡ ಶೆಟ್ರೇ, ಫ್ರೀ ಲುಕ್ ಉಂಟಲ್ಲ!”

“ಪುಕ್ಕಟೆ ನೋಡ್ಲಿಕ್ಕೆ ಇದೇನು ಆಟವಾ ಮಾರಾಯ?”

“ಅಯ್ಯೋ, ಪಾಲಿಸಿ ಕೈಸೇರಿ ಹದಿನೈದು ದಿನದೊಳಗೆ ಬೇಡ ಅಂತಾದ್ರೆ ವಾಪಸ್ ಕೊಡ್ಬಹುದು!”

ಹೆಂಡತಿಯನ್ನು ರಿಕ್ಷಾ ಹತ್ತಿಸಿ ಶೆಟ್ಟರು ಮಾಜಿವಾಡಾಕ್ಕೆ ಧಾವಿಸಿದರು.

“ವಾಪಸ್ ಕೊಡ್ಲಿಕ್ಕೆ ಕಾರಣ ಬರೀಬೇಕು” ಎಂದ ತಾರಾನಾಥ. ಶೆಟ್ಟರು ಘನವಾದ ಇಂಗ್ಲಿಷ್ ವಾಕ್ಯವೊಂದಕ್ಕೆ ತಡಕಾಡುತ್ತಿರುವಾಗ ಜಯಲತಾ ಮೆಲ್ಲನೆ ಹೇಳಿದಳು: “ಕಡಲಿಗೆ ಅವಸರ ಇಲ್ಲ, ನನಗೆ ಉಂಟು ಅಂತ ಬರೀರಿ.”

ತಾರಾನಾಥ ಅದನ್ನೇ ಬರೆದುಕೊಂಡ. ಆಮೇಲೆ ಕೇಳಿದ: “ಹೊಸತು ಯಾವುದು ಮಾಡುವ ಶೆಟ್ರೇ?”

ಶೆಟ್ಟರು ಬಾಯಿ ತೆರೆದರು. ಹೆಂಡತಿಯ ಮುಖ ನೋಡಿ ಮುಚ್ಚಿದರು.

“ಅವಳನ್ನೇ ಕೇಳು ಮಾರಾಯ. ನಾನು ಸ್ಟೇಷನ್ನಿಗೆ ಹೋಗಿ ಉಡುಪಿಗೆ ಎರಡು ಟಿಕೆಟ್ ತೆಗೀತೇನೆ. ಅದಾದ್ರೆ ನನಗೆ ಅರ್ಥ ಆಗ್ತದೆ!”