ನಾನು ಸಿಂಗಲ್ ಎ ಆಟಗಾರನಾದದ್ದು

ಬೇಸ್‌ಬಾಲ್ ಕಲಿಯುವುದು ಏನು ಮಹಾ? ಒಬ್ಬ ಎಸೆಯುತ್ತಾನೆ, ಒಬ್ಬ ಬೀಸುತ್ತಾನೆ, ಉಳಿದವರು ಓಡುತ್ತಾರೆ. ತೆಂಗಿನ ಮಡಲಿನ ಬುಡವನ್ನೇ ಬ್ಯಾಟು ಮಾಡಿಕೊಂಡು ಕುಂದಾಪುರದ ಗದ್ದೆಗಳಲ್ಲಿ ಕ್ರಿಕೆಟ್ ಆಡಿ ಬೆಳೆದವನಿಗೆ ಅಮೆರಿಕದವರ ಈ ಆಟ ಒಂದು ಶುಕ್ರವಾರದ ರಜೆಯ ಕೆಲಸ. ಬೆಳಿಗ್ಗೆ ಕಲಿತರೆ ಮಧ್ಯಾಹ್ನ ಊಟದ ಹೊತ್ತಿಗೆ ಇನ್ನೊಬ್ಬರಿಗೆ ಕಲಿಸಬಹುದು. ತೊಂಬತ್ತರ ದಶಕದ ಒಂದು ಬೇಸಗೆಯಲ್ಲಿ, ಅರಬರ ನಾಡಿನ ದಮ್ಮಾಮಿನ ನಮ್ಮ ಕೋಣೆಯಲ್ಲಿ ಕುಳಿತು, ನಾನು ಫೆಲಿಕ್ಸಣ್ಣನಿಗೆ ಹೇಳಿದ್ದು ಇದನ್ನೇ.

"ನಿಂಗೆ ಎಂತಕ್ಕೆ ಮಾರಾಯ ಆ ಆಟ?" ಎಂದು ಮೀನಿಗೆ ಮಸಾಲೆ ಹಚ್ಚುತ್ತಿದ್ದ ಫೆಲಿಕ್ಸಣ್ಣ ಕೇಳಿದರು. ಅವರು ನಮ್ಮ ಕಂಪನಿಯ ಗಾಡಿಗಳ ಮೆಕ್ಯಾನಿಕ್, ಊರು ಶಿರ್ವದ ಹತ್ತಿರ.

"ಕುರ್ಚಿಗೆ," ಎಂದೆ.

ಕುರ್ಚಿಯ ವಿಷಯ ಹೇಳಲೇಬೇಕು. ನಮ್ಮದು ತೈಲ ಬಾವಿಗಳಿಗೆ ಪೈಪು, ವಾಲ್ವು ಒದಗಿಸುವ ಕಂಪನಿ. ನನ್ನ ಕೆಲಸ ಹೊರಗಿನ ಯಾರ್ಡಿನಲ್ಲಿ. ಬಂದ ಪೈಪು ಎಣಿಸುವುದು, ಹೋದ ಪೈಪು ಎಣಿಸುವುದು. ದಮ್ಮಾಮಿನ ಜೂನ್ ತಿಂಗಳಲ್ಲಿ ಪೈಪಿನ ಮೇಲೆ ಕೈ ಇಟ್ಟರೆ ಕೈಯಲ್ಲಿ ದೋಸೆ ಹುಯ್ದ ಸದ್ದು ಬರುತ್ತದೆ. ಯಾರ್ಡಿನ ಎದುರೇ ಆಫೀಸಿನ ಕಟ್ಟಡ. ಅದರ ಕಿಟಕಿಯ ಗಾಜಿನಾಚೆ ಪರ್ಚೇಸ್ ಕ್ಲರ್ಕನ ಕುರ್ಚಿ. ಅದರ ನೆತ್ತಿಯ ಮೇಲೆಯೇ ಏಸಿಯ ಗಾಳಿ ಬೀಳುವ ಜಾಗ! ಅದರಲ್ಲಿ ಕುಳಿತಿದ್ದ ಗೋವಾದ ಮನುಷ್ಯ ಜೂನ್ ತಿಂಗಳಲ್ಲೂ ಸ್ವೆಟರ್ ಹಾಕುತ್ತಿದ್ದ. ಆ ಸ್ವೆಟರನ್ನು ನಾನು ಬಿಸಿಲಿನಿಂದ ನೋಡುತ್ತಿದ್ದೆ. ಈಗ ಅವನು ಕೆಲಸ ಬಿಟ್ಟು ಊರಿಗೆ ಹೊರಟಿದ್ದ. ಕುರ್ಚಿ ಖಾಲಿಯಾಗುವುದರಲ್ಲಿತ್ತು.

ಅದನ್ನು ಕೊಡುವವನು ಮ್ಯಾನೇಜರ್ ಹ್ಯಾಂಕ್. ಅಮೆರಿಕದವನು. ಹೊಟ್ಟೆ ಮೊದಲು ಬರುತ್ತಿತ್ತು, ಆಮೇಲೆ ಟೋಪಿ, ಕೊನೆಗೆ ಹ್ಯಾಂಕ್. ಕೈಯಲ್ಲಿ ಸದಾ ಒಂದು ಕಾಗದದ ಲೋಟ. ಸೂರ್ಯಕಾಂತಿ ಬೀಜ ಕಡಿದು ಸಿಪ್ಪೆಯನ್ನು ಅದರೊಳಗೆ ಉಗಿಯುತ್ತಿದ್ದ. ಅವನ ಇಂಗ್ಲಿಷಿನಲ್ಲಿ ಅರ್ಧ ಬಾಯಿಂದಲೂ ಉಳಿದರ್ಧ ಮೂಗಿನಿಂದಲೂ ಬರುತ್ತಿತ್ತು. ನಾನು ಅದನ್ನು ರಾತ್ರಿಯ ಊಟಕ್ಕೆ ಉಪ್ಪಿನಕಾಯಿಯಂತೆ ಬಡಿಸುತ್ತಿದ್ದೆ. ದಿಂಬನ್ನು ಅಂಗಿಯೊಳಗೆ ತುರುಕಿಕೊಂಡು, ಲೋಟ ಹಿಡಿದು, "ವೆಲ್ಲ್ಲ್, ಬಾಯ್..." ಎಂದರೆ ಸಾಕು, ಫೆಲಿಕ್ಸಣ್ಣ ಅನ್ನದ ತಟ್ಟೆ ಕೆಳಗಿಟ್ಟು ನಗುತ್ತಿದ್ದರು. ಊರಲ್ಲಿದ್ದಾಗ ಮೇಷ್ಟ್ರು, ಬಸ್ ಕಂಡಕ್ಟರು, ನನ್ನ ಸ್ವಂತ ಸೋದರಮಾವ, ಯಾರನ್ನೂ ಬಿಟ್ಟವನಲ್ಲ. ಹ್ಯಾಂಕ್ ಮಾತ್ರ ನನ್ನ ಅಂತಾರಾಷ್ಟ್ರೀಯ ಮಟ್ಟದ ಕೃತಿ.

ಈ ಹ್ಯಾಂಕನಿಗೆ ಹೆಂಡತಿಗಿಂತ, ತೈಲಕ್ಕಿಂತ ಮುಖ್ಯವಾದದ್ದು ಒಂದು ಬೇಸ್‌ಬಾಲ್ ಕ್ಲಬ್. ಕ್ಲಬ್ಬಿನ ಹೆಸರು ಬೇಡ, ಅವರಿಗೆ ಅವರ ಕಷ್ಟವೇ ಸಾಕಷ್ಟಿದೆ. ಇವನಿಗೋ, ಆ ಕ್ಲಬ್ಬಿಗಿಂತಲೂ ಹೆಚ್ಚಿನ ಪ್ರೀತಿ ಅದರ ಮರಿ ತಂಡಗಳ ಮೇಲೆ. ದೊಡ್ಡ ಕ್ಲಬ್ಬೊಂದು ಸಣ್ಣ ಸಣ್ಣ ಊರುಗಳಲ್ಲಿ ತಂಡಗಳನ್ನು ಸಾಕುತ್ತದಂತೆ. ಮೇಲಿನದು ಟ್ರಿಪಲ್ ಎ, ಅದರ ಕೆಳಗೆ ಡಬಲ್ ಎ, ಅದರ ಕೆಳಗೆ ಸಿಂಗಲ್ ಎ. ಹುಡುಗರು ಕೆಳಗಿನ ತಂಡದಲ್ಲಿ ಆಡುತ್ತ, ಬಸ್ಸಿನಲ್ಲಿ ಊರೂರು ಸುತ್ತುತ್ತ, ಚೆನ್ನಾಗಿ ಆಡಿದರೆ ಒಂದೊಂದೇ ಮೆಟ್ಟಿಲು ಹತ್ತುತ್ತ, ಅದೃಷ್ಟವಿದ್ದರೆ ಕೊನೆಗೆ ದೊಡ್ಡ ಕ್ಲಬ್ ಸೇರುತ್ತಾರೆ.

ಫೆಲಿಕ್ಸಣ್ಣನಿಗೆ ಇದನ್ನು ನಾನು ವಿವರಿಸಿದ್ದು ಹೀಗೆ: "ನಮ್ಮ ಯಕ್ಷಗಾನದ ಹಾಗೇ ಫೆಲಿಕ್ಸಣ್ಣ. ಒಂದೇ ದೇವಸ್ಥಾನದ ಹೆಸರಲ್ಲಿ ನಾಲ್ಕು ಮೇಳ ಇರುವುದಿಲ್ವಾ? ಮೊದಲು ಕೋಡಂಗಿ ವೇಷ ಕಟ್ಟಬೇಕು, ಆಮೇಲೆ ಬಾಲಗೋಪಾಲ, ಆಮೇಲೆ ಸ್ತ್ರೀವೇಷ. ಕಿರೀಟ ಸಿಗುವಾಗ ಕೂದಲು ಹಣ್ಣಾಗಿರ್ತದೆ."

"ಹಾಗಾದ್ರೆ ನೀನೀಗ ಎಂತ ವೇಷ ಕಟ್ಟುದು?"

"ಪ್ರೇಕ್ಷಕ!" ಎಂದೆ ಗಂಭೀರವಾಗಿ. "ಬಾಸಿನ ಪಕ್ಕ ಕೂತು ಆಟ ನೋಡುವ ಪ್ರೇಕ್ಷಕನಿಗೆ ಕುರ್ಚಿ ಕೊಡ್ಲೇಬೇಕಲ್ಲ."

ಶನಿವಾರ ಬೆಳಿಗ್ಗೆ ವಾರದ ಕೆಲಸ ಶುರುವಾಗುವ ಹೊತ್ತಿಗೆ ಹ್ಯಾಂಕನ ಕೋಣೆಗೆ ಹೋದೆ. ಪೈಪಿನ ಲೆಕ್ಕ ಒಪ್ಪಿಸುವ ನೆಪ. ಗೋಡೆಯಲ್ಲಿ ಎರಡು ಬಿಳಿ ಹಲಗೆ. ಒಂದರಲ್ಲಿ ಕ್ಲಬ್ಬಿನ ಹುಡುಗರ ಹೆಸರು ಬರೆದ ಮ್ಯಾಗ್ನೆಟ್ ಬಿಲ್ಲೆಗಳು, ದರ್ಜೆವಾರು. ಇನ್ನೊಂದರಲ್ಲಿ ನಮ್ಮ ಹೆಸರಿನ ಬಿಲ್ಲೆಗಳು: ಮೇಲೆ ದಮ್ಮಾಮ್ ಆಫೀಸು, ನಡುವೆ ದಮ್ಮಾಮ್ ಯಾರ್ಡು, ತೀರಾ ಕೆಳಗೆ ಅಲ್ ಅಹ್ಸಾ. ಎರಡೂ ಹಲಗೆ ಒಂದೇ ಅಂಗಡಿಯದು, ಬಿಲ್ಲೆಗಳೂ ಅಷ್ಟೆ. ಇದನ್ನು ಅಂದೇ ಗಮನಿಸಬೇಕಿತ್ತು. ಗಮನಿಸಲಿಲ್ಲ.

ಟೋಪಿಯ ಮೇಲಿದ್ದ ಹೆಸರು ಓದಿ, "ನಾನೂ ನಿಮ್ಮ ಕ್ಲಬ್ಬಿನ ಅಭಿಮಾನಿ ಸರ್," ಎಂದುಬಿಟ್ಟೆ.

ಹ್ಯಾಂಕ್ ಬೀಜ ಕಡಿಯುವುದನ್ನು ನಿಲ್ಲಿಸಿದ. "ಹೌದಾ? ನಿನಗೆ ಯಾರು ಇಷ್ಟ?"

ಹಲಗೆ ನೋಡಿದೆ. ಕೆಳಗಿನ ಸಾಲಿನಲ್ಲಿ 'ಕೋಡಿ' ಎಂದಿತ್ತು. ಕುಂದಾಪುರದವನಿಗೆ ಕೋಡಿ ಎಂದರೆ ಊರ ಪಕ್ಕದ ಕಡಲತೀರ. ಪರದೇಶದಲ್ಲಿ ಊರಿನವರು ಸಿಕ್ಕಿದಂತಾಯಿತು. "ಕೋಡಿ!" ಎಂದೆ.

ಹ್ಯಾಂಕನ ಮುಖ ಅರಳಿತು. "ಸಿಂಗಲ್ ಎ ಹುಡುಗ! ಹತ್ತೊಂಬತ್ತೇ ವರ್ಷ! ನನ್ನೂರಿನ ತಂಡ! ಗೊತ್ತಾ, ಈಗ ಮುನ್ನೂರ ಹತ್ತರಲ್ಲಿ ಬ್ಯಾಟ್ ಮಾಡುತ್ತಿದ್ದಾನೆ."

ಮುನ್ನೂರ ಹತ್ತು! ಹತ್ತೊಂಬತ್ತರ ಹುಡುಗ! ನನ್ನ ಕ್ರಿಕೆಟ್ ರಕ್ತ ಕುದಿಯಿತು. "ನಾಟ್ ಔಟಾ ಸರ್?" ಎಂದು ಕೇಳಿದೆ.

ಹ್ಯಾಂಕ್ ಲೋಟ ಕೆಳಗಿಟ್ಟು ವಿವರಿಸತೊಡಗಿದ.

ಅದು ರನ್ ಅಲ್ಲವಂತೆ. ಸಾವಿರ ಸಲ ಬ್ಯಾಟ್ ಹಿಡಿದರೆ ಮುನ್ನೂರ ಹತ್ತು ಸಲ ಸರಿಯಾಗಿ ಹೊಡೆಯುತ್ತಾನೆ ಎಂಬ ಲೆಕ್ಕವಂತೆ. ಎಂದರೆ ಹೆಚ್ಚು ಕಡಿಮೆ ಏಳುನೂರು ಸಲ ಸೋಲುವವನಿಗೆ ಅಲ್ಲಿ ಹಾರ ಹಾಕುತ್ತಾರೆ! ಇಂಥ ಆಟ ನನಗೆ ಹೇಳಿ ಮಾಡಿಸಿದ್ದು ಎಂದು ಆಗಲೇ ಅನಿಸಿತು.

ಹ್ಯಾಂಕ್ ಬೈಯಲಿಲ್ಲ. ಇನ್ನೂ ಕೆಟ್ಟದ್ದು ಮಾಡಿದ. ಕಲಿಸಲು ಹೊರಟ. ಅವನ ತಮ್ಮ ಅಮೆರಿಕದಿಂದ ಅಂಚೆಯಲ್ಲಿ ಕಳಿಸುತ್ತಿದ್ದ ಪತ್ರಿಕೆಗಳ ಕಟ್ಟನ್ನು ನನ್ನ ತೋಳಿಗೆ ತುಂಬಿದ. "ಓದು ಸುಡ್. ಪ್ರತಿ ಶನಿವಾರ ಕೋಡಿಯ ವರದಿ ನೀನೇ ಕೊಡಬೇಕು." ಸುಧಾಕರ ಎಂಬ ನನ್ನ ಹೆಸರು ಅವನ ಮೂಗಿನಲ್ಲಿ ಸುಡ್ ಆಗಿ ಹೊರಬರುತ್ತಿತ್ತು. ಯಾರ್ಡಿನಲ್ಲಿ ನಿಲ್ಲುವವನಿಗೆ ಒಪ್ಪುವ ಹೆಸರೇ.

ಅಂದಿನಿಂದ ನನ್ನ ಶುಕ್ರವಾರಗಳು ಹೋದವು. ಹೊರಗೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ನಮ್ಮವರು ಟೆನಿಸ್ ಚೆಂಡಿನಲ್ಲಿ ಕ್ರಿಕೆಟ್ ಆಡುತ್ತಿದ್ದರೆ, ನಾನು ಒಳಗೆ ಇರುವೆ ಗಾತ್ರದ ಅಕ್ಷರಗಳಲ್ಲಿ ಕೋಡಿಯನ್ನು ಹುಡುಕುತ್ತಿದ್ದೆ. ಮುಂದಿನ ಶನಿವಾರ ಹ್ಯಾಂಕನೆದುರು ಎದೆಯುಬ್ಬಿಸಿ ನಿಂತೆ. "ಕೋಡಿ ಕುದುರೆಯ ಹಾಗೆ ಓಡುತ್ತಿದ್ದಾನೆ ಸರ್!"

"ಅವನ ಕಾಲಿಗೆ ಪ್ಲಾಸ್ಟರ್ ಹಾಕಿದ್ದಾರೆ," ಎಂದ ಹ್ಯಾಂಕ್. "ನಿನ್ನೆ ತಮ್ಮ ಫೋನ್ ಮಾಡಿದ್ದ."

ಅಂಚೆಯ ಪತ್ರಿಕೆಯಲ್ಲಿ ಓಡುತ್ತಿದ್ದ ಕೋಡಿ ದಮ್ಮಾಮ್ ತಲುಪುವಷ್ಟರಲ್ಲಿ ಕಾಲು ಮುರಿದುಕೊಂಡಿದ್ದ! ಆದರೂ ಹ್ಯಾಂಕ್ ನನ್ನ ಬೆನ್ನು ತಟ್ಟಿದ. "ನಿನ್ನ ಮುಖ ಸಪ್ಪಗಾಯಿತು. ನಿಜವಾದ ಅಭಿಮಾನಿ!" ನನ್ನ ಮುಖ ಸಪ್ಪಗಾದದ್ದು ಕುರ್ಚಿಗಾಗಿ. ಆದರೆ ಅಭಿಮಾನವನ್ನು ಬೇಡ ಎನ್ನಲು ನಾನು ಯಾರು?

ಇಷ್ಟರಲ್ಲಿ ಮೂರ್ತಿಯವರನ್ನು ಪರಿಚಯಿಸಬೇಕು. ಮೈಸೂರಿನವರು, ದಮ್ಮಾಮಿನಿಂದ ಎರಡು ಗಂಟೆ ದೂರದ ಅಲ್ ಅಹ್ಸಾದ ನಮ್ಮ ಸಣ್ಣ ಗೋದಾಮಿನ ಏಕೈಕ ಗುಮಾಸ್ತ. ಗುರುವಾರ ಸಿಕ್ಕಿದ ಗಾಡಿ ಹತ್ತಿ ನಮ್ಮ ಕೋಣೆಗೆ ಬರುವರು, ಶುಕ್ರವಾರ ಸಂಜೆ ಅಳುಮುಖ ಮಾಡಿಕೊಂಡು ಹಿಂದಿರುಗುವರು. ವಾರವಿಡೀ ಕನ್ನಡ ಕೇಳದೆ ಬಂದವರಾದ್ದರಿಂದ, ನಾನು ಅವರದೇ ದನಿಯಲ್ಲಿ ಅವರನ್ನು ಅಣಕಿಸಿದರೂ ಸಂತೋಷದಿಂದ ಕೇಳುವರು.

"ಏನ್ರೀ ಸುಧಾಕರ್, ಆ ಕುರ್ಚಿ ನಿಮ್ಗೇ ಅಂತಾರಲ್ಲ?" ಎಂದು ಒಂದು ಗುರುವಾರ ಕೇಳಿದರು.

"ಹೆಚ್ಚು ಕಡಿಮೆ ಆದ ಹಾಗೆಯೇ," ಎಂದೆ.

"ನಂಗೂ ಹೋದ ತಿಂಗಳು ಹ್ಯಾಂಕ್ ಕೇಳಿದ್ರು ಕಣ್ರೀ, ಬೇಸ್‌ಬಾಲ್ ನೋಡ್ತೀಯಾ ಅಂತ. ಗೊತ್ತಿಲ್ಲ ಸರ್ ಅಂದ್ಬಿಟ್ಟೆ. ಅಲ್ಲಿ ಗೋದಾಮಲ್ಲಿ ಕೂಲರ್ ಸದ್ದಿಗೆ ನಿದ್ದೆ ಬರಲ್ಲ, ಮಾತಾಡಕ್ಕೆ ಒಂದು ನರಪಿಳ್ಳೆ ಇಲ್ಲ. ನೀವು ಒಳಗೆ ಸೇರ್ಕೊಂಡ್ಮೇಲೆ ನನ್ನನ್ನೂ ದಮ್ಮಾಮಿಗೆ ಕರೆಸ್ಕೊಳ್ರೀ, ಪುಣ್ಯ ಬರತ್ತೆ."

"ಚಿಂತೆ ಬಿಡಿ ಮೂರ್ತಿಗಳೇ. ನಿಮ್ಮನ್ನು ದಮ್ಮಾಮಿಗೆ ತರುವ ಭಾರ ನನ್ನದು," ಎಂದು ಅಭಯಹಸ್ತ ತೋರಿಸಿದೆ.

ಆಮೇಲೆ ಅವರ ಗೌರವಾರ್ಥ ಹ್ಯಾಂಕ್ ವೇಷ ಕಟ್ಟಿದೆ. ದಿಂಬು, ಲೋಟ, ಟೋಪಿಗೆ ಬದಲಾಗಿ ಫೆಲಿಕ್ಸಣ್ಣನ ಬಾಣಲೆ. ಹ್ಯಾಂಕ್ ಯಾರ ಎದುರಾದರೂ ಹೇಳುತ್ತಿದ್ದ ಒಂದು ಭಾಷಣವಿತ್ತು, ಅದನ್ನೇ ಎತ್ತಿಕೊಂಡೆ: "ವೆಲ್ಲ್ಲ್, ಬಾಯ್! ಹುಡುಗನನ್ನು ಅವಸರದಲ್ಲಿ ಮೇಲೆ ತರಬಾರದು. ಕೆಳಗೇ ಇರಲಿ. ಹಣ್ಣಾಗಲಿ!" ಎನ್ನುತ್ತ ಮೂಗಿನಲ್ಲಿ ರಾಗ ಎಳೆದಾಗ ಮೂರ್ತಿಯವರು ಕಣ್ಣೊರೆಸಿಕೊಂಡರು.

ಫೆಲಿಕ್ಸಣ್ಣ ಮಾತ್ರ, "ಬಾಣಲೆ ಕೆಳಗೆ ಇಡು, ಅದರಲ್ಲಿ ನಾಳೆ ಮೀನು ಉಂಟು," ಎಂದರು.

ಕೆಲವು ವಾರ ಕಳೆದವು. ಗೋವಾದವನು ವಿಮಾನ ಹತ್ತಿದ. ಹೋಗುವಾಗ ಸ್ವೆಟರನ್ನು ನನಗೇ ಕೊಟ್ಟುಹೋದ. ಕುರ್ಚಿಯ ಮೇಲೆ ಏಸಿಯ ಗಾಳಿ ವ್ಯರ್ಥವಾಗಿ ಬೀಳತೊಡಗಿತು. ಒಂದು ಬುಧವಾರ ಹ್ಯಾಂಕ್ ಕರೆಸಿದ.

"ಸುಡ್, ಕೋಡಿಯ ಕಾಲು ವಾಸಿಯಾಗಿದೆ. ಮತ್ತೆ ಬೀಸುತ್ತಿದ್ದಾನೆ. ಅವನನ್ನು ಡಬಲ್ ಎಗೆ ಏರಿಸುತ್ತಾರೆ ಎಂಬ ಸುದ್ದಿ. ನೀನೇನು ಹೇಳುತ್ತೀಯ?"

ಇದು ಪರೀಕ್ಷೆ ಎಂದು ತಿಳಿಯಿತು. ಉತ್ತರವೂ ಬಾಯಿಪಾಠವಿತ್ತು. ದಿಂಬು ಬಾಣಲೆಗಳಿಲ್ಲದಿದ್ದರೂ ವೇಷ ಮೈಮೇಲೆ ಬಂತು. ಮೇಜಿನ ಮೇಲಿದ್ದ ಖಾಲಿ ಲೋಟ ಕೈಗೆತ್ತಿಕೊಂಡೆ. ಕಿಟಕಿಯಾಚೆ ಉರಿಯುತ್ತಿದ್ದ ಯಾರ್ಡನ್ನು ದಿಟ್ಟಿಸಿದೆ.

"ಸರ್," ಎಂದೆ, "ಹುಡುಗನಲ್ಲಿ ಪ್ರತಿಭೆ ಇದೆ. ಆದರೆ ಅವಸರ ಬೇಡ. ಮೇಲೆ ಹೋಗಿ ಎಡವಿದರೆ ಜೀವನಪೂರ್ತಿ ಅದೇ ನೋವು. ಸಣ್ಣ ಊರಲ್ಲಿರಲಿ. ಬಿಸಿಲು ತಿನ್ನಲಿ. ಯಾರೂ ನೋಡದ ಕಡೆ, ಯಾರೂ ಚಪ್ಪಾಳೆ ತಟ್ಟದ ಕಡೆ ಆಡಲಿ. ಅಲ್ಲಿ ಹಣ್ಣಾದವನೇ ದೊಡ್ಡ ಕ್ಲಬ್ಬಿನಲ್ಲಿ ನಿಲ್ಲುತ್ತಾನೆ ಸರ್. ನಿಜವಾಗಿ ಪ್ರೀತಿಸುವವರು ಅವನನ್ನು ಇನ್ನೂ ಕೆಳಗೇ ಇಡುತ್ತಾರೆ!"

ಕೊನೆಯ ವಾಕ್ಯ ನನ್ನ ಸ್ವಂತದ್ದು. ಅದನ್ನು ನೆನೆದರೆ ಈಗಲೂ ಮೈ ಬೆವರುತ್ತದೆ.

ಹ್ಯಾಂಕ್ ಟೋಪಿ ತೆಗೆದ. ಅವನಿಗೆ ತಲೆಯ ಮೇಲ್ಭಾಗವೂ ಇದೆ ಎಂದು ನನಗೆ ಗೊತ್ತಾದದ್ದು ಅಂದೇ. ಎದ್ದು ಬಂದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದ.

"ಇಷ್ಟು ವರ್ಷದಲ್ಲಿ ನನ್ನ ಮನಸ್ಸು ಅರ್ಥ ಮಾಡಿಕೊಂಡವನು ನೀನೊಬ್ಬನೇ. ನೋಡು, ನಾನು ಎಂಥ ತಪ್ಪು ಮಾಡಲಿದ್ದೆ!"

ಅವನು ಬೆರಳು ತೋರಿಸಿದ ಕಡೆ ನೋಡಿದೆ. ಎರಡನೆಯ ಹಲಗೆ. 'ಸುಡ್' ಎಂಬ ಬಿಲ್ಲೆ ಯಾರ್ಡಿನ ಸಾಲಿನಲ್ಲಿರಲಿಲ್ಲ. ಮೇಲೆ, ದಮ್ಮಾಮ್ ಆಫೀಸಿನ ಸಾಲಿನಲ್ಲಿ, ಆಗಲೇ ಅಂಟಿ ಕುಳಿತಿತ್ತು!

"ಬೆಳಿಗ್ಗೆಯೇ ಏರಿಸಿದ್ದೆ," ಎಂದ ಹ್ಯಾಂಕ್. "ನಿನ್ನನ್ನು ಹಾಳು ಮಾಡುತ್ತಿದ್ದೆ ಬಾಯ್. ದೇವರು ನಿನ್ನ ಬಾಯಿಂದಲೇ ಹೇಳಿಸಿದ."

ನನ್ನ ಬಿಲ್ಲೆ ಅವನ ದಪ್ಪ ಬೆರಳಿನಡಿ ಕೆಳಗಿಳಿಯತೊಡಗಿತು. ಯಾರ್ಡಿನ ಸಾಲು ಬಂತು. ಅಲ್ಲಿ ನಿಲ್ಲುತ್ತದೆ ಎಂದುಕೊಂಡೆ. ನಿಲ್ಲಲಿಲ್ಲ. ಅಲ್ ಅಹ್ಸಾ ತಲುಪಿ ಟಕ್ ಎಂದು ಅಂಟಿಕೊಂಡಿತು. ಅಲ್ಲಿದ್ದ ಮೂರ್ತಿಯವರ ಬಿಲ್ಲೆ ಎದ್ದು ಮೇಲೆ ಆಫೀಸಿನ ಸಾಲಿಗೆ ಹೋಯಿತು. "ಈತ ನೋಡು, ಎಷ್ಟೋ ವರ್ಷದಿಂದ ಅಲ್ಲೇ ಇದ್ದಾನೆ. ಚೆನ್ನಾಗಿ ಹಣ್ಣಾಗಿದ್ದಾನೆ!"

"ಸರ್, ನಾನು ಕೋಡಿ ಅಲ್ಲ," ಎಂದೆ ಕ್ಷೀಣ ದನಿಯಲ್ಲಿ. ಅದು ಮಾತ್ರ ಯಾರ ಅಣಕವೂ ಆಗಿರಲಿಲ್ಲ.

"ಗೊತ್ತು," ಎಂದ ಹ್ಯಾಂಕ್ ಪ್ರೀತಿಯಿಂದ. "ನಿನಗೆ ಅವನಿಗಿಂತ ಹೆಚ್ಚು ಸಮಯ ಬೇಕು."

ಆ ಗುರುವಾರ ಮೂರ್ತಿಯವರು ಪೆಟ್ಟಿಗೆ ಸಮೇತ ಬಂದರು. "ನಾನೇನೂ ಕೇಳ್ಲಿಲ್ಲ ಕಣ್ರೀ! ನೀವೇ ಹೇಳಿ ಮಾಡ್ಸಿದ್ರಂತೆ? ಏನು ದೊಡ್ಡ ಮನ್ಸು ರೀ ನಿಮ್ದು!" ಎಂದು ಕೈ ಮುಗಿದರು. ಕೊಟ್ಟ ಮಾತು ಉಳಿಸಿಕೊಂಡಿದ್ದೆ. ವಿಧಾನ ಮಾತ್ರ ಕೊಂಚ ಬೇರೆಯಾಗಿತ್ತು. ಸ್ವೆಟರನ್ನು ಅವರಿಗೇ ಒಪ್ಪಿಸಿದೆ.

ಫೆಲಿಕ್ಸಣ್ಣ ಒಂದು ಡಬ್ಬಿ ಮೀನಿನ ಉಪ್ಪಿನಕಾಯಿ ಕಟ್ಟಿಕೊಟ್ಟರು. "ಬೇಜಾರು ಮಾಡ್ಬೇಡ ಮಾರಾಯ. ಅಲ್ಲಿ ಅಣಕಿಸ್ಲಿಕ್ಕೆ ಯಾರಾದ್ರೂ ಸಿಗ್ತಾರೆ."

ಸಿಗಲಿಲ್ಲ. ಅಲ್ ಅಹ್ಸಾದಲ್ಲಿ ನಾನು, ಕೂಲರು, ಗೋಡೆಯಾಚೆಯ ಖರ್ಜೂರದ ತೋಟ. ಕೊನೆಗೆ ಕೂಲರಿನ ಸದ್ದನ್ನೇ ಅಣಕಿಸಲು ಕಲಿತೆ. ಹ್ಯಾಂಕ್ ಪತ್ರಿಕೆಗಳನ್ನು ತಪ್ಪದೆ ಕಳಿಸುತ್ತಿದ್ದ. ಒಂದು ದಿನ ಅವನದೇ ಫೋನು ಬಂತು. "ಸುಡ್! ಬಡ್ತಿಯ ಸುದ್ದಿ! ಮೇಲೆ ಹೋಗುವ ಕಾಲ ಬಂತು!"

ಫೋನಿನ ವಯರು ಎಟುಕುವಷ್ಟು ದೂರ ಹೋಗಿ, ಕೈ ಚಾಚಿ ಪೆಟ್ಟಿಗೆ ಎಳೆದುಕೊಂಡೆ. ಎರಡು ಅಂಗಿ ಒಳಗೆ ಹಾಕಿಯೂ ಆಗಿತ್ತು.

"ಕೋಡಿ! ಡಬಲ್ ಎ!" ಎಂದು ಹ್ಯಾಂಕ್ ಕೂಗಿದ. "ನಮ್ಮ ಮಾತು ಕ್ಲಬ್ಬಿನವರು ಕೇಳಲಿಲ್ಲ ನೋಡು! ಮೂರ್ಖರು!"

"ಹೌದು ಸರ್," ಎಂದೆ. "ಮೂರ್ಖರು."

ಆ ವಾರ ಫೆಲಿಕ್ಸಣ್ಣ ಫೋನಿನಲ್ಲಿ ವಿಚಾರಿಸಿದರು. "ಹೇಗಿದ್ದಿ ಮಾರಾಯ? ಮೂರ್ತಿಯವ್ರಿಗೆ ಏಸಿ ಗಾಳಿಗೆ ಶೀತ ಆಗಿದೆ."

"ನಾಟ್ ಔಟ್, ಫೆಲಿಕ್ಸಣ್ಣ," ಎಂದೆ.

ಅಷ್ಟರಲ್ಲಿ ಗೋಡೆಯಾಚೆ ಖರ್ಜೂರ ಹಣ್ಣಾಯಿತು. ಕೊಯ್ದರು. ಪೆಟ್ಟಿಗೆಗಳಲ್ಲಿ ತುಂಬಿದರು. ಲಾರಿ ಎತ್ತ ಹೊರಟಿತು ಎಂದು ತೋಟದವನನ್ನು ಕೇಳಿದೆ.

ದಮ್ಮಾಮಿಗಂತೆ!